ಅಮ್ಮನಿಗೆ ಹೊದಿಸಿದ ಬಟ್ಟೆ

ಕಾಫುಲ ಹಳ್ಳಿ, ಮಲಾವಿ
೪ ಮಾರ್ಚ್ ೧೯೯೨, ವಿಭೂತಿ ಬುಧವಾರ

ಪ್ರೀತಿಯ ಅಣ್ಣ ಬೊನಿಫಾಸನಿಗೆ ತಂಗಿ ಅನಸ್ತಾಜಿಯ ಮಾಡುವ ನಮಸ್ಕಾರ.

ಇವತ್ತು ವಿಭೂತಿ ಬುಧವಾರ, ಒಪ್ಪೊತ್ತು. ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಗುಡಿಸಿ, ಬೋರಿನಿಂದ ಎರಡು ಕೊಡ ನೀರು ಹೊತ್ತು, ನಾಳೆಗೆ ಬೇಕಾದ ಮೆಕ್ಕೆಜೋಳ ಕುಟ್ಟಿಟ್ಟು ಇಗರ್ಜಿಗೆ ಹೋಗಿ ಬಂದೆ. ಹಣೆಯ ಬೂದಿ ಒರೆಸದೆ ಹಾಗೇ ಕುಳಿತು ಬರೆಯುತ್ತಿದ್ದೇನೆ. ನಮ್ಮ ಆಜೀವ ಅಧ್ಯಕ್ಷರ ವಿವೇಕದ ಮುಂದಾಳುತನದಲ್ಲಿ ಇಲ್ಲಿ ಎಲ್ಲರೂ ಸುಖವಾಗಿದ್ದೇವೆ. ಉಣ್ಣಲು ಇದೆ, ಉಡಲು ಇದೆ, ಮನೆ ಸೋರುವುದಿಲ್ಲ.

ಸಂತೋಷದ ಸುದ್ದಿ. ನಿನ್ನ ಸೋದರಸೊಸೆ, ನನ್ನ ಮಗಳು ಲೂಸಿಯಳನ್ನು ಕೇಳಿಕೊಂಡು ಬಂದಿದ್ದಾರೆ. ಹುಡುಗ ಮಟಿಯಾಸ್, ಮಿಷನ್ ಆಸ್ಪತ್ರೆಯಲ್ಲಿ ಔಷಧಿ ಕೊಡುವವನು. ಪೂಜೆ ತಪ್ಪಿಸುವುದಿಲ್ಲ. ಅವನ ಸೋದರಮಾವ ಚಾಪೆಯ ಮೇಲೆ ಕುಳಿತು ಕೇಳಿದರು: "ಹುಂಜ ತರೋಕೆ ನಾವು ತಯಾರಿದ್ದೀವಮ್ಮ. ಹೇಂಟೆ ಹಿಡ್ಕೊಂಡು ನಿಲ್ಲೋರು ನಿಮ್ಮ ಕಡೆ ಯಾರು?"

ಹುಂಜ ಹೇಂಟೆ ಕೈ ಬದಲಾಯಿಸದೆ ನಮ್ಮಲ್ಲಿ ಯಾವ ಮದುವೆ ಗಟ್ಟಿಯಾಗಿದೆ? ಅದನ್ನು ಬದಲಾಯಿಸುವವರು ಎರಡೂ ಕಡೆಯ ಸೋದರಮಾವಂದಿರು. ನಾನು ತಲೆ ತಗ್ಗಿಸಿ ಕುಳಿತೆ. ಆಗ ನಮ್ಮ ಪಕ್ಷದ ಮಹಿಳಾ ಅಧ್ಯಕ್ಷೆ ನಾಚಿಸಾಲೆ, ಅವಳೂ ಬಂದಿದ್ದಳು, "ಯಾರು ಅಂದ್ರೆ? ಈ ದೇಶದ ಹೆಂಗಸ್ರಿಗೆಲ್ಲ ಅಧ್ಯಕ್ಷರೇ ಮೊದಲ್ನೇ ಗಂಡುದಿಕ್ಕು. ಅವ್ರಿರುವಾಗ ಈ ಮನೆಗೇನು ಕಮ್ಮಿ?" ಎಂದಳು. ಅವಳ ಮಾತು ಸರಿ. ಅಧ್ಯಕ್ಷರು ನಮಗೆಲ್ಲ ಗಂಡುದಿಕ್ಕು. ನಾವು ಕೃತಜ್ಞರು.

ನೀನು ಕಳಿಸಿದ ಸೋಪು, ಸಕ್ಕರೆ ತಲುಪಿದವು. ದೇವರು ನಿನ್ನ ಕೈಯನ್ನು ಕಾಯಲಿ. ಲೂಸಿಯ ನಿನ್ನ ದಾರಿ ನೋಡುತ್ತಾಳೆ ಎಂದಷ್ಟೇ ಬರೆಯುತ್ತೇನೆ.

ನಿನ್ನ ತಂಗಿ,
ಅನಸ್ತಾಜಿಯ


ಚಿಪಾಟ, ಜಾಂಬಿಯ
೧೧ ಏಪ್ರಿಲ್ ೧೯೯೨

ತಂಗಿ ಅನಸ್ತಾಜಿಯಳಿಗೆ,

ನಿನ್ನ ಕಾಗದ ತಲುಪಲು ಐದು ವಾರ ಹಿಡಿಯಿತು. ಲಕೋಟೆಗೆ ಎರಡು ಸಲ ಗೋಂದು ಹಚ್ಚಿದ್ದರು. ಅದಕ್ಕೆ ನನಗೆ ಬೇಸರವಿಲ್ಲ. ಒಳಗಿದ್ದದ್ದು ಮಾತ್ರ ನಿನ್ನದೇ ಕೈಬರಹ. ಆ ಅಕ್ಷರ ತಿದ್ದಿಸಿದವನು ನಾನು. ಅದರಲ್ಲೇ "ನಾವು ಕೃತಜ್ಞರು" ಎಂದು ಬರೆದಿದ್ದೀ.

ಹಾಗಾದರೆ ನನ್ನನ್ನೇಕೆ ಕೇಳುತ್ತೀ? ಹೇಂಟೆಯನ್ನು ನಿಮ್ಮ ಮೊದಲನೆಯ ಗಂಡುದಿಕ್ಕಿನ ಕೈಗೇ ಕೊಡು. ಅರಮನೆಯಿಂದ ಕಾರು ಕಳಿಸಿಯಾರು. ನಾಚಿಸಾಲೆ ಮುಂದೆ ನಿಂತು ಕುಣಿಯಲಿ. ನನ್ನ ಮೇಲೆ ಪೊಲೀಸರಿಗೆ ಹೇಳಿದವಳು ಈಗ ನಿನ್ನ ಚಾಪೆಯ ಮೇಲೆ ಕುಳಿತು ಮದುವೆ ಮಾತಾಡುತ್ತಾಳೆ ಎಂದರೆ, ಎಂಟು ವರ್ಷದಲ್ಲಿ ಊರು ಬಹಳ ಮುಂದೆ ಹೋಗಿದೆ. ನಾನು ಇಲ್ಲಿ ಕಂಡವರ ಮನೆಗೆ ಬಾಗಿಲು ಹೆರೆಯುತ್ತಿದ್ದೇನೆ. ಸೀಮೆಸುಣ್ಣ ಹಿಡಿದ ಬೆರಳಿಗೆ ಈಗ ಬರೀ ಮರದ ಸಿಬರು.

ಈ ಕಾಗದವನ್ನು ಒಣಮೀನಿನ ವ್ಯಾಪಾರದ ದೆಲಿಯ ತರುತ್ತಾಳೆ. ಎರಡು ವಾರಕ್ಕೊಮ್ಮೆ ಗಡಿ ದಾಟುವವಳು. ಬುಟ್ಟಿಯ ತಳದಲ್ಲಿಟ್ಟರೆ ಪೊಲೀಸರು ಮೂಗು ಮುಚ್ಚಿಕೊಂಡು ಬಿಡುತ್ತಾರಂತೆ. ಬರೆಯಬೇಕೆನಿಸಿದರೆ ಇನ್ನು ಅವಳ ಕೈಯಲ್ಲಿ ಕಳಿಸು.

ಬೊನಿಫಾಸ್


ಕಾಫುಲ
೨೦ ಏಪ್ರಿಲ್ ೧೯೯೨, ಪಾಸ್ಕ (ಈಸ್ಟರ್) ಹಬ್ಬದ ಮರುದಿನ

ಅಣ್ಣಾ,

ನಿನ್ನ ಕಾಗದ ಮೀನಿನ ವಾಸನೆ ಹೊತ್ತು ಬಂತು. ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಹಬ್ಬದ ಮಾರನೆಯ ದಿನ ಸಿಟ್ಟು ಮಾಡಬಾರದೆಂದು ನುಂಗಿಕೊಂಡೆ. ನಮ್ಮೂರ ಶಾಲೆಗೇ ಮೇಷ್ಟ್ರಾಗಿದ್ದವನು ನೀನು, ಇಷ್ಟೂ ತಿಳಿಯಲಿಲ್ಲವೇ? ಅಂಚೆಯವನು ನನ್ನ ಕಾಗದವನ್ನು ನನ್ನೆದುರಿಗೇ ಓದಿದ. "ಅಧ್ಯಕ್ಷರ ಹೆಸರು ಮೊದಲ್ನೇ ಸಾಲಲ್ಲೇ ಬರ್ಬೇಕಿತ್ತಲ್ಲಮ್ಮ" ಎಂದು ಮುಖ ಗಂಟಿಕ್ಕಿದ. ನನಗೆ ಉಪವಾಸ ಮೊದಲು ಬಂತು, ಏನು ಮಾಡಲಿ? ಪೂರ್ತಿ ಓದಿದ ಮೇಲೇ ಅವನು ಲಕೋಟೆ ಅಂಟಿಸಿದ್ದು. ಎರಡನೆಯ ಗೋಂದು ಪಟ್ಟಣದವರದು ಇರಬೇಕು.

ಇದನ್ನು ಯಾರೂ ಓದುವುದಿಲ್ಲ, ಆದ್ದರಿಂದ ಮನಸ್ಸು ಬಿಚ್ಚಿ ಬರೆಯುತ್ತೇನೆ.

ತಪಸ್ಸುಕಾಲದ ಮೊದಲ ಭಾನುವಾರ ಗುರುಗಳು ಪ್ರಸಂಗ ಮಾಡಲಿಲ್ಲ. ಬಿಷಪರುಗಳ ಕಾಗದ ಓದುತ್ತೇನೆ ಎಂದರು. ಕೂಲಿ ಸಾಲದು, ಶಾಲೆಯಲ್ಲಿ ಪುಸ್ತಕವಿಲ್ಲ, ಬಾಯಿ ಬಿಟ್ಟವರು ಜೈಲಿನಲ್ಲಿದ್ದಾರೆ ಎಂದೆಲ್ಲ ಅದರಲ್ಲಿತ್ತು. ನಮಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಗೊತ್ತಿದ್ದದ್ದನ್ನೇ ಗಟ್ಟಿಯಾಗಿ ಓದಿದರು. ಮುಗಿದಾಗ ಮುದುಕಿಯರು ಚಪ್ಪಾಳೆ ತಟ್ಟಿದರು. ಇಗರ್ಜಿಯೊಳಗೆ ಚಪ್ಪಾಳೆ ಕೇಳಿದ್ದು ನನ್ನ ಐವತ್ತು ವರ್ಷದಲ್ಲಿ ಅದೇ ಮೊದಲು. ಪರಮಪ್ರಸಾದ ತೆಗೆದುಕೊಳ್ಳುವಾಗ, ಅಣ್ಣನಿಗೆ ಒಂದು ಮಾತು ಹೇಳುವುದು ಬಾಕಿಯಿದೆ ಎಂದು ನೆನಪಾಯಿತು.

ಅಮ್ಮ ತೀರಿಹೋದ ದಿನ ಮನೆಯಲ್ಲಿ ಹರಕಿಲ್ಲದ ಬಟ್ಟೆ ಒಂದೇ ಇತ್ತು. ಅಧ್ಯಕ್ಷರು ಬಂದಾಗ ಕುಣಿಯಲು ಪಕ್ಷದವರು ಕೊಟ್ಟ, ಅವರ ಮುಖ ಅಚ್ಚಾದ ಸುತ್ತುಬಟ್ಟೆ. ಅಮ್ಮನಿಗೆ ಅದನ್ನೇ ಹೊದಿಸಿದೆ. ಅವರ ಮುಖಕ್ಕೆ ಮಣ್ಣು ತಾಗಬಾರದೆಂದು, ದೇವರಾಣೆ, ಮರ್ಯಾದೆಗೆಂದೇ ಒಳಮಗ್ಗುಲಿಗೆ ತಿರುಗಿಸಿ ಸುತ್ತಿದೆ. ಗುಂಡಿಗೆ ಇಳಿಸುವಾಗ ಚಾಪೆ ಜಾರಿ ಅಂಚು ಹೊರಗೆ ಬಂತು. ಆಗ ನಾಚಿಸಾಲೆ ಕೂಗಿದ್ದು ಈಗಲೂ ಕಿವಿಯಲ್ಲಿದೆ: "ಅಯ್ಯೋ, ಬದುಕಿರೋವರೆಗೂ ಅಧ್ಯಕ್ಷರು ಅಂತ ಇರೋರನ್ನ ಹೂಳ್ತಿದ್ದಾರಲ್ರೋ!" ನಗುವವರು ಇದ್ದರೆ ನಗಬಹುದಾಗಿತ್ತು. ಯಾರೂ ನಗಲಿಲ್ಲ.

ಸಾವಿನ ಮನೆಗೆ ಗಂಡುದಿಕ್ಕೇ ಜವಾಬು ಎಂದು ಮುಖಂಡರು ಕೇಳಿದಾಗ ನೀನು ಮುಂದೆ ಬಂದು, "ಬಟ್ಟೆ ಕೊಟ್ಟೋನು ನಾನು. ಅವಳಿಗೇನೂ ಗೊತ್ತಿಲ್ಲ" ಎಂದೆ. ಮಾರನೆಯ ದಿನ ಬೆಳಗಾಗುವಾಗ ನೀನಿರಲಿಲ್ಲ. ಕೊಟ್ಟವಳು ನಾನು ಅಣ್ಣಾ. ಎಂಟು ವರ್ಷದಿಂದ ನಿನಗೆ ಇದನ್ನು ಬರೆಯಲು ದಾರಿಯಿರಲಿಲ್ಲ. ನೀನು ಆಡಿದ ಆ ಸುಳ್ಳಿಗೆ ನನ್ನ ಕೃತಜ್ಞತೆ. ಅಂಚೆಯವನಿಗೆ ಬರೆದದ್ದಲ್ಲ, ಇದು ನಿಜವಾದದ್ದು.

ಮಟಿಯಾಸನ ಕಡೆಯವರು ಕಾಯುತ್ತೇವೆ ಎಂದಿದ್ದಾರೆ. ನೀನು ಬರಬೇಕು.

ಅನಸ್ತಾಜಿಯ


ಚಿಪಾಟ
೩೦ ಆಗಸ್ಟ್ ೧೯೯೨

ಪ್ರೀತಿಯ ತಂಗಿಗೆ,

ಮೊದಲ ಕಾಗದದ ಮಾತುಗಳನ್ನು ಹೊಟ್ಟೆಗೆ ಹಾಕಿಕೊ. ಒಂಟಿಯಾಗಿರುವವನಿಗೆ ಎಲ್ಲವೂ ಚುಚ್ಚುತ್ತದೆ. ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಹರಿದು ಹೋಗಿದೆ. ಉತ್ತರ ಬರೆಯಲು ನಾಲ್ಕು ತಿಂಗಳು ಬೇಕಾಯಿತು.

ಒಂದು ಮಾತು ಹೇಳುತ್ತೇನೆ. ಇಲ್ಲಿ ನಿದ್ದೆ ಬಾರದಾಗ ನಾನು ಅಮ್ಮನನ್ನು ನೆನೆಯುತ್ತೇನೆ. ಜೀವಮಾನವಿಡೀ ತೇಪೆ ಹಾಕಿ ಉಟ್ಟವಳು. ಕೊನೆಗಾದರೂ ತೂತಿಲ್ಲದ ಬಟ್ಟೆಯಲ್ಲಿ ಮಲಗಿದ್ದಾಳೆ. ಮುಖ ಯಾರದ್ದಾದರೇನು, ನೂಲು ಗಟ್ಟಿ. ನಾನು ಕೊಟ್ಟ ಬೆಲೆಗೆ ಅದು ಸಿಕ್ಕಿದೆ ಎಂದುಕೊಂಡರೆ ನಿದ್ದೆ ಬರುತ್ತದೆ.

ಮದುವೆಗೆ ಬರಲು ಆಗುವುದಿಲ್ಲ. ಶಾಲೆಯೊಂದಕ್ಕೆ ನಲವತ್ತು ಬೆಂಚು ಒಪ್ಪಿಕೊಂಡಿದ್ದೇನೆ. ಚಿಕ್ಕಮ್ಮನ ಕಡೆಯ ಯಾರಾದರೂ ಹೇಂಟೆ ಹಿಡಿದು ನಿಲ್ಲಲಿ. ದೆಲಿಯಳ ಕೈಯಲ್ಲಿ ಬಾಗಿಲಿನ ತಿರುಗಣೆ ಎರಡು ಜೊತೆ ಕಳಿಸಿದ್ದೇನೆ, ಲೂಸಿಯಳ ಹೊಸ ಮನೆಗೆ.

ಬೊನಿಫಾಸ್


ಕಾಫುಲ
೨ ನವೆಂಬರ್ ೧೯೯೨, ಸಕಲ ಮೃತರ ದಿನ

ಅಣ್ಣಾ,

ತಿರುಗಣೆ ತಲುಪಿದವು. ಎಷ್ಟು ನುಣುಪು! ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಬೇರೆ ಯಾರೂ ಹೇಂಟೆ ಹಿಡಿಯುವುದಿಲ್ಲ. ಲೂಸಿಯಳೇ ಹೇಳಿದಳು, "ಮಾವ ಬರ್ದೆ ನಾನು ಮದುವೆ ಆಗಲ್ಲಮ್ಮ. ಮಟಿಯಾಸ್‌ಗೂ ಹೇಳಿದ್ದೀನಿ. ಕಾಯ್ತೀನಿ ಅಂದ, ಅವನಿಗೇನು, ಆಸ್ಪತ್ರೆ ಕಿಟಕೀಲಿ ಕೂತು ಕಾಯೋದೇ ಕೆಲಸ."

ಇವತ್ತು ಸಮಾಧಿಗೆ ಹೋಗಿ ಕಳೆ ಕಿತ್ತು ಕಲ್ಲಿಗೆ ಸುಣ್ಣ ಬಳಿದು ಬಂದೆ. ಅಮ್ಮ ಬೆಚ್ಚಗಿದ್ದಾಳೆ. ಅದರ ಬಗ್ಗೆ ನೀನು ಯೋಚಿಸಬೇಡ. ಈ ಸಲ ಮಳೆ ಬೇಗ ಬರುವ ಹಾಗಿದೆ.

ಮುಂದಿನ ವರ್ಷ ಜನರ ಮತ ಕೇಳುತ್ತಾರೆಂದು ರೇಡಿಯೋದಲ್ಲಿ ಹೇಳಿದರಂತೆ. ಒಂದೇ ಪಕ್ಷ ಸಾಕೋ, ಬೇರೆಯವೂ ಬೇಕೋ ಎಂದು. ನಂಬಲು ಭಯ, ನಂಬದಿರಲು ಪಾಪ.

ಅನಸ್ತಾಜಿಯ


ಚಿಪಾಟ
೧೯ ಫೆಬ್ರವರಿ ೧೯೯೩

ಅನಸ್ತಾಜಿಯ,

ದೆಲಿಯಳ ಬಾಯಿಂದ ಮಾತು ಜಾರಿತು. ಅಮ್ಮನ ಗುಂಡಿ ಅಗೆದು ಬಟ್ಟೆ ತೆಗೆದರಂತೆ. ಮೂರೇ ದಿನಕ್ಕೆ. ನನಗೆ ಗೊತ್ತಿದೆಯೆಂದೇ ಅವಳು ತಿಳಿದಿದ್ದಳು. ಇಡೀ ಊರಿಗೆ ಗೊತ್ತಿದೆ.

"ಬೆಚ್ಚಗಿದ್ದಾಳೆ" ಎಂದು ಬರೆದೆಯಲ್ಲ?

ಹಾಗಾದರೆ ಒಂಬತ್ತು ವರ್ಷ ನಾನು ಪರದೇಶದ ಮುದ್ದೆ ಉಂಡದ್ದು ಯಾವುದಕ್ಕೆ? ಹೇಳು.

ಬೊ.


ಕಾಫುಲ
೫ ಮಾರ್ಚ್ ೧೯೯೩, ತಪಸ್ಸುಕಾಲದ ಶುಕ್ರವಾರ

ಅಣ್ಣಾ,

ಇವತ್ತೂ ಉಪವಾಸ. ಹಸಿದ ಹೊಟ್ಟೆಯಲ್ಲಿ ಬರೆದರೆ ಸುಳ್ಳು ಬರುವುದಿಲ್ಲ. ನಿನ್ನ ನಿದ್ದೆ ಕೆಡಬಾರದೆಂದು ಮುಚ್ಚಿಟ್ಟೆ. ಪಾಪನಿವೇದನೆಯಲ್ಲಿ ಗುರುಗಳಿಗೆ ಹೇಳಿದಾಗ, "ಪ್ರೀತಿಯಿಂದ ಮುಚ್ಚಿಟ್ಟಿದ್ದೂ ಒಂದು ದಿನ ವಾಸನೆ ಬರತ್ತೆ ತಾಯಿ, ದೆಲಿಯಳ ಬುಟ್ಟಿ ಹಾಗೆ" ಎಂದರು.

ನೀನು ಹೋದ ಎರಡನೆಯ ದಿನ ಪೊಲೀಸರು ಜೀಪಿನಲ್ಲಿ ಬಂದರು. ಅಗೆಯಿರಿ ಎಂದರು. ಗಂಡಸರು ಅತ್ತ ಮುಖ ಮಾಡಿ ಅಗೆದರು. ಬಟ್ಟೆ ತೆಗೆಯಬೇಕಾದವಳು ನಾನು. ತೆಗೆದೆ. ಸಾಹೇಬರು ಅದನ್ನು ಝಾಡಿಸಿ, ಮುಖ ಮೇಲೆ ಬರುವಂತೆ ಮಡಿಚಿ, ಜೀಪಿನ ಮುಂದಿನ ಸೀಟಿನಲ್ಲಿಟ್ಟರು. ಆ ಬಟ್ಟೆಯ ಪಕ್ಕ ಕೂರುವ ಧೈರ್ಯವಿಲ್ಲದೆ ತಾವು ಹಿಂದೆ ಹೋಗಿ ಕಾನ್‌ಸ್ಟೇಬಲ್‌ಗಳ ನಡುವೆ ಕುಳಿತರು. ಅಧ್ಯಕ್ಷರ ಸವಾರಿ ಹಾಗೆ ಹೋಯಿತು.

ಗುಂಡಿಯ ಅಂಚಿನಲ್ಲಿ ಅಮ್ಮ ಬರಿಯ ಚಾಪೆಯ ಮೇಲೆ. ಇದನ್ನು ಬರೆಯಬಾರದೆಂದಿದ್ದೆ, ಆದರೆ ಮುಂದಿನದನ್ನು ಬರೆಯಲೇಬೇಕು.

ಯಾರೂ ಹೇಳಲಿಲ್ಲ, ಕೇಳಲಿಲ್ಲ. ಕುಂಬಾರರ ಮುದುಕಿ ಜುಲಿಯಾನ ಮುಂದೆ ಬಂದು ಸೊಂಟದ ಬಟ್ಟೆ ಬಿಚ್ಚಿ, ಒಳಲಂಗದಲ್ಲೇ ನಿಂತು ಅದನ್ನು ಅಮ್ಮನ ಮೇಲೆ ಹಾಸಿದಳು. ಅವಳ ಹಿಂದೆ ಇನ್ನೊಬ್ಬಳು. ಹೀಗೆ ಐದು ಜನ. ಆರನೆಯವಳು ನಾಚಿಸಾಲೆ. ಹೌದು, ಅವಳೇ. ಮೇಲೆ ಪಕ್ಷದ ಬಟ್ಟೆ ಉಟ್ಟಿದ್ದಳು, ಅದನ್ನು ಬಿಚ್ಚುವ ಹಾಗಿಲ್ಲ. ಮರದ ಮರೆಗೆ ಹೋಗಿ ಅದರ ಒಳಗಿನದನ್ನು ಬಿಚ್ಚಿ ತಂದಳು. ನೀಲಿ ಅಂಚಿನದು, ಹೊಚ್ಚ ಹೊಸದು. ಹೊದಿಸುತ್ತ ಅಮ್ಮನಿಗೇ ಹೇಳಿದಳು: "ನನ್ನ ಬಾಯಿ ದೊಡ್ಡದು ಅತ್ತೆ. ಅವತ್ತು ಗುಂಡಿ ಹತ್ರ ತಡೆಯೋಕಾಗಲಿಲ್ಲ. ಕ್ಷಮಿಸಿಬಿಡಿ."

ನಿನಗೆ ಗೊತ್ತಿಲ್ಲದ್ದು ಇನ್ನೂ ಒಂದಿದೆ. ಮಣ್ಣಾದ ದಿನ ಸಂಜೆ ಅವಳು ಬೀದಿಯುದ್ದಕ್ಕೂ, "ಬೆಳಿಗ್ಗೆ ಪೊಲೀಸ್ರು ಬರ್ತಾರೆ, ಬೊನಿಫಾಸ್ ಗಡಿ ಕಡೆ ಓಡಿಹೋಗ್ದಂಗೆ ನೋಡ್ಕೊಳ್ಳಿ!" ಎಂದು ಕೂಗಿಕೊಂಡು ಹೋದದ್ದು ನೆನಪಿದೆಯಲ್ಲ? ನಿನ್ನನ್ನು ಹಿಡಿಸಲು ಕೂಗಿದಳು ಎಂದು ನೀನು ತಿಳಿದೆ. ಯಾರನ್ನಾದರೂ ಹಿಡಿಸಬೇಕೆಂದಿರುವವರು ಅವರ ಬಾಗಿಲಲ್ಲೇ ನಿಂತು ದಾರಿ ಹೇಳಿ ಕೂಗುತ್ತಾರೆಯೇ? ಪೊಲೀಸರಿಗೆ ಹೇಳಿದವರು ಯಾರೋ ದೇವರಿಗೆ ಗೊತ್ತು. ನಾನು ಕೇಳಲು ಹೋಗಿಲ್ಲ. ಗೊತ್ತಾದರೆ ಅವರೊಡನೆ ಒಂದೇ ಬೆಂಚಿನಲ್ಲಿ ಮೊಣಕಾಲೂರುವುದು ಕಷ್ಟ.

ಇನ್ನು ನೀನು ಕೇಳಿದ್ದು, ಯಾವುದಕ್ಕೆ ಎಂದು. ಆ ದಿನ ನನ್ನನ್ನು ಕರೆದೊಯ್ದಿದ್ದರೆ? ಲೂಸಿಯಳ ಅಪ್ಪ ಗಣಿಯಲ್ಲೇ ಮಣ್ಣಾಗಿದ್ದ. ಅವಳಿಗೆ ಆಗ ಹದಿಮೂರು. ನೀನು ಕೊಂಡದ್ದು ಅಮ್ಮನಿಗೆ ಬಟ್ಟೆಯನ್ನಲ್ಲ ಅಣ್ಣಾ, ಲೂಸಿಯಳಿಗೆ ತಾಯಿಯನ್ನು. ಒಂಬತ್ತು ವರ್ಷ ದಿನವೂ ಅವಳ ತಲೆ ಬಾಚಿದೆ, ಬೈದೆ, ಮುದ್ದೆ ಬಡಿಸಿದೆ. ಅದೆಲ್ಲ ನೀನು ಕೊಟ್ಟದ್ದು.

ಅಮ್ಮನ ಮೇಲೆ ಈಗ ಆರು ಬಟ್ಟೆಗಳಿವೆ. ನಮ್ಮೂರಿನಲ್ಲಿ ಅಷ್ಟು ಹೊದ್ದು ಮಲಗಿದವರು ಇನ್ನಾರೂ ಇಲ್ಲ. ಬೆಚ್ಚಗಿದ್ದಾಳೆ ಎಂದದ್ದು ಸುಳ್ಳಲ್ಲ.

ಅನಸ್ತಾಜಿಯ


ಚಿಪಾಟ
೪ ಜುಲೈ ೧೯೯೩

ಪ್ರೀತಿಯ ತಂಗಿಗೆ,

ಉತ್ತರ ಮತ್ತೆ ತಡವಾಯಿತು. ಸಿಟ್ಟಿನಿಂದಲ್ಲ. ನಿನ್ನ ಕಾಗದ ಓದಿದ ದಿನ ಮರ ಹೆರೆಯುವ ರಂದವನ್ನು ಪಕ್ಕಕ್ಕಿಟ್ಟು ಕೆಲಸ ನಿಲ್ಲಿಸಿದೆ. ಮುದುಕಿ ಜುಲಿಯಾನಳೊಬ್ಬಳನ್ನು ಬಿಟ್ಟರೆ ಆ ಹುಡುಗಿಯರಿಗೆಲ್ಲ ಒಂದು ಕಾಲದಲ್ಲಿ ಅಆಇಈ ಹೇಳಿಕೊಟ್ಟವನು ನಾನು. ನಾಚಿಸಾಲೆಯನ್ನಂತೂ ಬಾಯಿ ಮುಚ್ಚು ಎಂದು ದಿನಕ್ಕೆ ಮೂರು ಸಲ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಮುಚ್ಚದೇ ಇದ್ದದ್ದು ಒಳ್ಳೆಯದಾಯಿತು.

ಮತದ ಸುದ್ದಿ ರೇಡಿಯೋದಲ್ಲಿ ಕೇಳಿದೆ, ಬೇರೆ ಪಕ್ಷಗಳೂ ಬೇಕು ಎಂದವರೇ ಗೆದ್ದರಂತೆ. ದೇಶ ಬಿಟ್ಟವರು ವಾಪಸು ಬರಬಹುದು ಎಂದೂ ಹೇಳಿದರು. ಹೇಳುವವರು ಹೇಳುತ್ತಾರೆ. ಕುರ್ಚಿಯಲ್ಲಿ ಇನ್ನೂ ಅವರೇ ಇದ್ದಾರೆ. ಬೆಂಚಿನ ಕೆಲಸವೂ ಇದೆ.

ಆ ಆರು ಜನಕ್ಕೂ ಒಂದೊಂದು ಒಳ್ಳೆಯ ಸುತ್ತುಬಟ್ಟೆ ಕೊಡಬೇಕೆಂದಿದ್ದೇನೆ. ಇಲ್ಲಿನ ಸಂತೆಯಲ್ಲಿ ಚೆನ್ನಾಗಿ ಸಿಗುತ್ತವೆ, ಯಾರ ಮುಖವೂ ಇಲ್ಲದವು. ಯಾರಿಗೆ ಯಾವ ಬಣ್ಣ ಹಿಡಿಸುತ್ತದೆ, ಒಬ್ಬೊಬ್ಬರನ್ನೇ ಕೇಳಿ ಬರೆದು ಕಳಿಸು. ದೆಲಿಯಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಬೊನಿಫಾಸ್


ಕಾಫುಲ
೧೬ ಜುಲೈ ೧೯೯೩, ಕಾರ್ಮೆಲ್ ಮಾತೆಯ ಹಬ್ಬ, ಶುಕ್ರವಾರ

ಅಣ್ಣಾ,

ಇವತ್ತು ಬರೀ ಕುಂಬಳದ ಸೊಪ್ಪು, ಮುದ್ದೆ. ಅಂಗಳ ಗುಡಿಸಿದೆ. ಹೇಂಟೆಗೆ ಕಾಳು ಹಾಕಿದೆ. ಯಾವ ಹೇಂಟೆ ಎಂದು ನಿನಗೆ ಗೊತ್ತು.

ಮತ ಹಾಕಿದ ದಿನ ಸಾಲು ಶಾಲೆಯಿಂದ ಬೋರಿನವರೆಗೆ ಇತ್ತು. ಒಂದು ಚೀಟಿಯಲ್ಲಿ ಹುಂಜ, ಅದು ಅಧ್ಯಕ್ಷರ ಪಕ್ಷ. ಇನ್ನೊಂದರಲ್ಲಿ ಲಾಟೀನು, ಅದು ಬೇರೆ ಪಕ್ಷಗಳೂ ಬೇಕು ಎನ್ನುವುದಕ್ಕೆ. ನಾಚಿಸಾಲೆ ನನ್ನ ಹಿಂದೆಯೇ ನಿಂತಿದ್ದಳು, ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು. ಹೊರಗೆ ಬಂದಮೇಲೆ ಕಿವಿಯಲ್ಲಿ, "ಮೇಷ್ಟ್ರಿಗೆ ಬರಿ, ಕಣ್ಣು ಮಂಜಾಗಿದೆ, ಲಾಟೀನು ಬೇಕಾಯ್ತು ಅಂತ" ಎಂದಳು. ಬರೆದಿದ್ದೇನೆ.

ಮಟಿಯಾಸನ ಸೋದರಮಾವ ಮೊನ್ನೆ ಬಂದಿದ್ದರು. "ಈಗ ಹುಂಜ ತಂದ್ರೆ ಪಕ್ಷದೋರು ಬಂದ್ರು ಅಂತ ಜನ ಕಲ್ಲು ಹೊಡೀತಾರೇನೋ ತಾಯಿ. ಲಾಟೀನೇ ತರ್ಲಾ?" ಎಂದು ನಗಿಸಿದರು. ಹುಂಜವನ್ನೇ ತನ್ನಿ, ಅದರದ್ದೇನು ತಪ್ಪು ಎಂದೆ. ಆಗಸ್ಟ್ ಏಳನೆಯ ತಾರೀಖು ಶನಿವಾರ ಎಂದು ಗೊತ್ತುಮಾಡಿದ್ದೇವೆ. ಮಟಿಯಾಸನ ಕಾಯುವ ಕೆಲಸ ಮುಗಿಯಲಿ.

ಕುರ್ಚಿಯಲ್ಲಿ ಇನ್ನೂ ಅವರೇ ಇದ್ದಾರೆ, ನಿಜ. ನಾನು ದಿನವೂ ಅವರಿಗಾಗಿಯೂ ಒಂದು ಜಪಸರ ಮಾಡುತ್ತೇನೆ, ನಗಬೇಡ. ಆಜೀವ ಎಂದು ಬರೆಸಿಕೊಂಡವರಿಗೆ ಒಳ್ಳೆಯ ಸಾವು ಬರಲಿ ಎಂದು ಬೇಡುವವರು ಯಾರಿದ್ದಾರೆ? ಅವರ ಅಮ್ಮನನ್ನೂ ಯಾರೋ ಹೊದಿಸಿಯೇ ಕಳಿಸಿರಬೇಕು.

ಬೆಂಚಿನ ಮಾತು ಬಿಡು. ಹೋದ ವರ್ಷ ನಲವತ್ತು ಬೆಂಚು ಎಂದಿದ್ದೆ. ನಿನಗೆ ಭಯವಾಗುತ್ತದೆ ಎಂದು ನನಗೆ ಗೊತ್ತು. ನನಗೂ ಆಗುತ್ತದೆ. ಹೋದ ತಿಂಗಳು ಕೆಳಹಳ್ಳಿಯ ಇಬ್ಬರು ಗಡಿ ದಾಟಿ ಬಂದರು. ಪೊಲೀಸರು ಹೆಸರು ಬರೆದುಕೊಂಡು ಬಿಟ್ಟರು. ಈಗ ಹೊಲದಲ್ಲಿದ್ದಾರೆ. ನಾನೇ ಹೋಗಿ ಮಾತಾಡಿಸಿ ಬಂದೆ.

ನೀನು ಹೇಳಿದ ಹಾಗೆ ಆರು ಮನೆಗೂ ಹೋಗಿ ಕೇಳಿದೆ. ಐದು ಜನ ಹೇಳಿದರು. ಒಬ್ಬಳು ಹೇಳುತ್ತ ಅತ್ತಳು, ಒಬ್ಬಳು ಎರಡು ಬಣ್ಣ ಕೇಳಿದಳು, ಯಾರೆಂದು ನೀನೇ ಊಹಿಸು. ಜುಲಿಯಾನ ಹೋದ ವರ್ಷ ತೀರಿಕೊಂಡಳು. ಅವಳ ಬಟ್ಟೆಯನ್ನು ದೆಲಿಯಳ ಬುಟ್ಟಿಯಲ್ಲಿ ಕಳಿಸಿದರೆ ಯಾರ ಕೈಗೆ ಕೊಡಲಿ? ಅಮ್ಮನ ಪಕ್ಕದಲ್ಲೇ ಮಲಗಿದ್ದಾಳೆ. ಅಲ್ಲಿಗೆ ನಡೆದುಹೋಗಿ ಹಾಸಬೇಕಾದವನು ನೀನು.

ಬಣ್ಣಗಳನ್ನೆಲ್ಲ ಒಂದು ಹಾಳೆಯಲ್ಲಿ, ನೀನು ತಿದ್ದಿಸಿದ ಅಕ್ಷರದಲ್ಲೇ, ಹೆಸರಿನ ಮುಂದೆ ಬರೆದಿದ್ದೇನೆ. ಮಡಿಚಿ ಮಾತೆಯ ಪಟದ ಹಿಂದೆ ಇಟ್ಟಿದ್ದೇನೆ. ದೆಲಿಯ ನಿನ್ನೆ "ಕೊಡಿ, ತಗೊಂಡು ಹೋಗ್ತೀನಿ" ಎಂದು ಕೈ ಚಾಚಿದಳು. ಕೊಡಲಿಲ್ಲ. ಇದೊಂದು ಕಾಗದ ಮಾತ್ರ ಕೊಟ್ಟೆ.

ಐದು ಜನಕ್ಕೆ ಬಟ್ಟೆ ಆಮೇಲೆ ಕೊಡುವೆಯಂತೆ. ಏಳನೆಯ ತಾರೀಖಿನೊಳಗೆ, ಹಗಲು ಹೊತ್ತಿನಲ್ಲೇ, ದೊಡ್ಡ ರಸ್ತೆಯಲ್ಲೇ ಬಾ. ಉತ್ತರ ಪಟದ ಹಿಂದೆ ಇದೆ. ನೀನೇ ಬಂದು ತೆಗೆದುಕೊಂಡು ಹೋಗು.

ನಿನ್ನ ತಂಗಿ,
ಅನಸ್ತಾಜಿಯ